ಮಂಜಿನಲ್ಲಿ ಓಡಿದ ಕೊಕ್ಕರೆ

ವೀರ್ಲೆ ಒಳ್ಳೆಯ ಹೆಂಗಸು, ಆದರೆ ಬಾಯಿಗೆ ಬೀಗವಿಲ್ಲ. ಅವಳು ನಡೆಸುವ ನದಿ ದಡದ ಹೊಸ ವಸ್ತುಸಂಗ್ರಹಾಲಯಕ್ಕೆ ನಾವು ಮಾಡಿಕೊಡುತ್ತಿದ್ದ ಚಿತ್ರವನ್ನು ನೋಡಿದವಳೇ ಫೋನ್ ಮಾಡಿ, "ಲೀವೆನ್, ನಿನ್ನ ಕೊಕ್ಕರೆಗೆ ಬ್ರಸೆಲ್ಸ್ ರೈಲು ತಪ್ಪಿಹೋಗ್ತಿದೆಯಾ? ಯಾಕಿಷ್ಟು ಅವಸರ?" ಎಂದು ನಕ್ಕುಬಿಟ್ಟಳು. ಹಾಗೆ ಅಂದದ್ದು ಅದೇ ಮೊದಲಲ್ಲ.

ಲೀವೆನ್ ನನ್ನ ಗಂಡ. ಕೊಕ್ಕರೆ ಅವನದು. ಗೆಂಟ್ ಊರಿನ ನಮ್ಮ ಮನೆಯ ಅಟ್ಟದಲ್ಲಿ ಕೂತು ಅವನು ಚಿತ್ರಗಳಿಗೆ ಚಲನೆ ಕೊಡುತ್ತಾನೆ. ಕೆಳಗೆ ನನ್ನ ಕಂಪ್ಯೂಟರಿನಲ್ಲಿ ನಾನು ಅವಕ್ಕೆ ಸದ್ದು, ಸಂಗೀತ ಸೇರಿಸಿ, ರೆಂಡರ್ ಮಾಡಿ, ಅಂದರೆ ಕೊನೆಯ ವಿಡಿಯೋ ಆಗಿಸಿ, ಕಳಿಸುತ್ತೇನೆ. ಅವನ ಯಂತ್ರಕ್ಕೆ ನಾನು ಕೈಹಾಕುವುದಿಲ್ಲ, ನನ್ನದಕ್ಕೆ ಅವನು. ನಮ್ಮ ಮದುವೆ ಉಳಿದಿರುವುದೇ ಅದರಿಂದ.

ಚಿತ್ರ ಸರಳ. ಬೆಳಗಿನ ಮಂಜಿನಲ್ಲಿ ಒಂದು ಬೂದು ಕೊಕ್ಕರೆ ಕಾಲುವೆಯ ಅಂಚಿನಲ್ಲಿ ನಡೆಯುತ್ತದೆ. ಕಾಲೆತ್ತುತ್ತದೆ, ಎತ್ತಿದ ಕಾಲನ್ನು ಇಡಲೋ ಬೇಡವೋ ಎಂದು ಯೋಚಿಸುತ್ತದೆ, ಇಡುತ್ತದೆ. ಆ ಯೋಚನೆಗೇ ಲೀವೆನ್ ಹೆಸರುವಾಸಿ. ಕಾಗದದ ಮೇಲೆ ಗೆರೆ ಎಳೆಯುತ್ತಿದ್ದ ಕಾಲದಿಂದಲೂ, ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಕದಲಬೇಕು ಎಂಬುದು ಅವನಿಗೆ ಕರಗತ. ಈ ಸಲ ಮಾತ್ರ ಎಷ್ಟು ತಿದ್ದಿದರೂ ಕೈಗೂಡಲಿಲ್ಲ. ಅಟ್ಟದಲ್ಲಿ ನೋಡಿದರೆ ಕೊಕ್ಕರೆಯದು ಗಂಭೀರ ನಡಿಗೆ, ನಾನು ರೆಂಡರ್ ಮಾಡಿ ಕೊಟ್ಟದ್ದರಲ್ಲಿ ಓಟ. ನಾನೇ ಎಲ್ಲೋ ಎಡವಿದೆನೇನೋ ಎಂದು ತಡಕಾಡಿದೆ, ಏನೂ ಸಿಗಲಿಲ್ಲ.

ಫೋನ್ ಇಟ್ಟ ಮೇಲೆ ಅವನು ಅಡುಗೆಮನೆಗೆ ಬಂದು ಕೂತ.

"ಗ್ರೀಟ್, ನಾಳೆ ವೀರ್ಲೆಗೆ ಹೇಳಿಬಿಡ್ತೀನಿ. ಬೇರೆ ಯಾರಾದ್ರೂ ಮಾಡ್ಲಿ."

"ಒಂದು ಕೊಕ್ಕರೆಗೋಸ್ಕರ ಇಷ್ಟು ಮುನಿಸಾ, ಮುದುಕಾ?"

"ಮುನಿಸಲ್ಲ." ಅವನು ಕಾಫಿ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ. "ಸಂಜೆ ಸರಿಯಾಗಿದೆ ಅಂತ ಬಿಟ್ಟಿರ್ತೀನಿ. ಬೆಳಿಗ್ಗೆ ನಿನ್ನ ರೆಂಡರ್ ನೋಡಿದ್ರೆ ಸರಿ ಇರಲ್ಲ. ನನ್ನ ತಲೆಯೊಳಗಿನ ಗಡಿಯಾರ ಕೆಟ್ಟಿದೆ ಕಣೇ. ಅಪ್ಪನಿಗೂ ಹೀಗೇ ಶುರುವಾಗಿದ್ದು."

ನನ್ನ ಮಾವ ಕೊನೆಗಾಲದಲ್ಲಿ ಮಗನನ್ನೇ "ನೀವು ಯಾರ ಕಡೆಯವರು?" ಎಂದು ಕೇಳುತ್ತಿದ್ದರು. ಲೀವೆನ್ ನಗುನಗುತ್ತಾ ತನ್ನ ಪರಿಚಯ ಹೇಳಿಕೊಂಡು, ಕಾರಿನಲ್ಲಿ ಕೂತ ಮೇಲೆ ಅಳುತ್ತಿದ್ದ. ಹೇಳಲು ಏನೂ ತೋಚದಿದ್ದಾಗ ನನಗೆ ಸಿಟ್ಟು ಬರುತ್ತದೆ.

"ಏಳು, ಮೇಲೆ ನಡಿ. ಚೆಲ್ಲೋ ವಾದ್ಯದ ಸಂಗೀತ ಬಂದಿದೆ. ಬಿಡೋದಿದ್ರೆ ಅದನ್ನ ಕೇಳಿ ಆಮೇಲೆ ಬಿಡು."

ಅವನ ಪರದೆಯ ಮೇಲೆ ಚಿತ್ರ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಂಕಿ, ಗುಂಡಿ, ಪಟ್ಟಿ ಎಲ್ಲವನ್ನೂ ಮರೆಮಾಡಿಟ್ಟು, ಸದ್ದನ್ನೂ ಮುಚ್ಚಿಟ್ಟು, ಖಾಲಿ ಕಾಗದದ ಮುಂದೆ ಕೂತವನಂತೆ ಕೆಲಸ ಮಾಡುತ್ತಾನೆ. ಅದಕ್ಕೇ ಸಂಗೀತವನ್ನು ನನ್ನ ಫೋನಿನಲ್ಲಿ ಹಾಕಿದೆ. ಚಿತ್ರದಷ್ಟೇ ಉದ್ದದ ಸಂಗೀತ, ಅಳತೆ ಕೊಟ್ಟವಳು ನಾನೇ. ಎರಡೂ ಒಟ್ಟಿಗೆ ಹೊರಟವು. ಚೆಲ್ಲೋ ತನ್ನ ಪಾಡಿಗೆ ಹಾಡಿ ಮುಗಿಸಿತು. ಕೊಕ್ಕರೆ ಇನ್ನೂ ಅರ್ಧ ದಾರಿಯಲ್ಲಿ ಒಂಟಿಕಾಲಿನಲ್ಲಿ ನಿಂತಿತ್ತು.

ನಾನು ಪರದೆಯ ಹತ್ತಿರಕ್ಕೆ ಬಾಗಿದೆ.

"ವೇಗದ ಅಂಕಿ ಎಲ್ಲಿ ಬಚ್ಚಿಟ್ಟಿದ್ದೀಯಾ?"

"ಅದ್ಯಾಕೆ ಬೇಕು ನನಗೆ?"

ಮೌಸ್ ಕಸಿದುಕೊಂಡು ಮರೆಯಲ್ಲಿದ್ದ ಪಟ್ಟಿಯನ್ನು ಹೊರಗೆಳೆದೆ. ಮೂಲೆಯಲ್ಲಿ ಕೆಂಪು ಅಂಕಿ. ಸೆಕೆಂಡಿಗೆ ಇಪ್ಪತ್ತೈದು ಫ್ರೇಮು ಓಡಬೇಕಾದಲ್ಲಿ ಹದಿಮೂರು ಓಡುತ್ತಿತ್ತು. ಕಂಪ್ಯೂಟರಿನ ಕತ್ತು ಹಿಸುಕಿದ್ದು ಮಂಜು. ಪದರದ ಮೇಲೆ ಪದರ ಮಂಜು ಹಾಕಿದ್ದ ಪುಣ್ಯಾತ್ಮ, ಪ್ರತಿಯೊಂದಕ್ಕೂ ಮಸುಕು ಬೇರೆ. ಯಂತ್ರ ಏದುಸಿರು ಬಿಡುತ್ತಾ ಅರ್ಧ ವೇಗದಲ್ಲಿ ತೋರಿಸುತ್ತಿತ್ತು. ಆ ಅರ್ಧ ವೇಗದಲ್ಲಿ ಸರಿ ಕಾಣುವಂತೆ ಅವನು ಕೊಕ್ಕರೆಯನ್ನು ನಡೆಸಿದ್ದ. ರೆಂಡರ್ ಆದ ಮೇಲೆ ಅದು ಓಡದೆ ಇನ್ನೇನು ಮಾಡೀತು?

"ನಿನ್ನ ಗಡಿಯಾರ ಕೆಟ್ಟಿಲ್ಲ ಮಾರಾಯಾ, ಇದರದ್ದು ಕೆಟ್ಟಿದೆ!"

"ಸಮಾಧಾನಕ್ಕೆ ಹೇಳ್ಬೇಡ, ಗ್ರೀಟ್."

ಸಮಾಧಾನ ಹೇಳುವುದು ನನಗೆ ಬರುವ ವಿದ್ಯೆಯೇ ಅಲ್ಲ. ಮಂಜಿನ ಪದರಗಳನ್ನೆಲ್ಲ ಮೊದಲೇ ರೆಂಡರ್ ಮಾಡಿ ಒಂದೇ ತುಣುಕಾಗಿಸಿದೆ. ಇನ್ನು ಪ್ರತಿ ಸಲವೂ ಯಂತ್ರ ಮಂಜನ್ನು ಹೊಸದಾಗಿ ಹೆಣೆಯಬೇಕಿಲ್ಲ. ನೋಡುವ ಮಟ್ಟಿಗೆ ಚಿತ್ರವನ್ನು ಅರ್ಧ ಗಾತ್ರಕ್ಕೆ ಇಳಿಸಿದೆ, ಉಳಿದ ಮಸುಕನ್ನು ಆರಿಸಿದೆ. ಸಿದ್ಧವಾದ ಫ್ರೇಮುಗಳು ಹೋಗಿ ಕೂರುತ್ತಿದ್ದದ್ದು ತುಂಬಿ ತುಳುಕುವ ಒಂದು ಹಳೇ ಡಿಸ್ಕಿನಲ್ಲಿ. ಅವನ್ನು ವೇಗದ ಡಿಸ್ಕಿಗೆ ಬದಲಿಸಿದೆ. ಅಷ್ಟು ಹೊತ್ತೂ ಲೀವೆನ್ ನನ್ನ ಹಿಂದೆ ನಿಂತಿದ್ದ. ಕಾಫಿಯಲ್ಲಿ ಅದ್ದಿದ ಸ್ಪೆಕುಲಾಸ್ ಬಿಸ್ಕತ್ತು ನೆನೆದು ಮುರಿದು ಲೋಟದೊಳಗೆ ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ.

"ಈಗ ನಡೆಸು."

ಕೊಕ್ಕರೆ ಓಡಿತು. ಅವನ ಪರದೆಯಲ್ಲೇ, ಅವನ ಕಣ್ಣೆದುರೇ, ಬಾಲಕ್ಕೆ ಬೆಂಕಿ ಹತ್ತಿದಂತೆ ಓಡಿತು.

"ಅಯ್ಯೋ ದೇವರೇ! ಇದಕ್ಕೆ ನಿಜವಾಗ್ಲೂ ರೈಲಿಗೆ ಹೊತ್ತಾಗಿದೆ!" ಎಂದು ಲೀವೆನ್ ನಗತೊಡಗಿದ. ನಗು ನಿಲ್ಲಿಸಲಾರದೆ ಕುರ್ಚಿಗೆ ಒರಗಿ ಕಣ್ಣೊರೆಸಿಕೊಂಡ.

ಆಮೇಲೆ ಪೆನ್ನು ಹಿಡಿದು ಕೂತ. ಕಾಲೆತ್ತುವುದನ್ನು ನಿಧಾನ ಮಾಡಿದ, ತಡೆದು ನಿಲ್ಲುವುದನ್ನು ಇನ್ನಷ್ಟು ಎಳೆದ. ನಾನು ಬಾಯಿ ಹಾಕದೆ ಪಕ್ಕದಲ್ಲಿ ಕೂತೆ, ಅದು ನನಗೆ ಬಹಳ ಕಷ್ಟದ ಕೆಲಸ. ಸಂಜೆಯ ಹೊತ್ತಿಗೆ ಮತ್ತೆ ಚೆಲ್ಲೋ ಹಾಕಿದೆ. ಕೊಕ್ಕರೆ ಮಂಜಿನಿಂದ ಹೊರಬಂತು, ಕಾಲೆತ್ತಿತು, ಯೋಚಿಸಿತು. ಚೆಲ್ಲೋದ ಕೊನೆಯ ಎಳೆ ಮುಗಿಯುವುದಕ್ಕೂ ಅದು ಕಾಲನ್ನು ನೀರಿಗಿಳಿಸುವುದಕ್ಕೂ ಸರಿಹೋಯಿತು. ಆ ಸಂಗೀತವನ್ನು ಅವನು ಅದಕ್ಕೆ ಮೊದಲು ಕೇಳಿದ್ದು ಒಂದೇ ಒಂದು ಸಲ.

ನನಗೆ ಅಳು ಬಂತು. ಅವನ ಹೆಗಲ ಮೇಲೆ ತಲೆಯಿಟ್ಟೆ. ಎಷ್ಟು ಹೆದರಿದ್ದೆನೆಂದು ನನಗೆ ತಿಳಿದದ್ದೇ ಆಗ. ಲೀವೆನ್ ಪರದೆಯಿಂದ ಕಣ್ಣು ತೆಗೆಯದೆ ನನ್ನ ಕೈ ಹಿಡಿದುಕೊಂಡ.

"ಗ್ರೀಟ್, ಇವತ್ತು ಗುರುವಾರ."

"ಗೊತ್ತು. ಅದಕ್ಕೇನೀಗ?"

"ಒಂದು ತಿಂಗಳಿಂದ ದಿನಾ ಬೆಳಿಗ್ಗೆ ಕೇಳ್ತಿದ್ದೀಯಲ್ಲ, ಇವತ್ತು ಯಾವ ವಾರ ಅಂತ, ಏನೂ ಗೊತ್ತಿಲ್ಲದವಳ ಹಾಗೆ. ನಾಳೆಯಿಂದ ಕೇಳ್ಬೇಡ."