ಎರಡು ಈಡು

"ಈ ಮನುಷ್ಯನಿಗೆ ಈಡು ಹೊಡೆಯೋರು ಇಲ್ಲಿ ಯಾರಿದಾರೆ?"

ಶಾರದಾ ಕೇಳಿದ್ದು ಯಾರನ್ನೂ ಅಲ್ಲ. ಗಂಡನ ಬಿಳಿ ಅಂಗಿಯ ಕತ್ತಿನ ಗುಂಡಿ ಹಾಕುತ್ತಿದ್ದಳು. ತಣ್ಣಗಾದ ಕತ್ತು ಬಾಗುತ್ತಿರಲಿಲ್ಲ, ಗುಂಡಿ ಕಾಜಕ್ಕೆ ಸಿಗುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಸೇವಂತಿಗೆಯ ತೊಟ್ಟು ಮುರಿಯುತ್ತಿದ್ದ ಗೆಳತಿ ವಸುಂಧರಾ ತಲೆಯೆತ್ತಿದಳು. ಅವಳು, ಗಂಡ ಹೃಷಿಕೇಶ, ಮಗಳು ಜ್ಯೋತ್ಸ್ನಾ ಮೂವರೂ ಜಪಾನಿನ ಇನ್ನೊಂದು ಊರು ಗ್ಯೋಟೋಕುವಿನಿಂದ ಬೆಳಗಿನ ಮೊದಲ ರೈಲಿಗೇ ಹಮಾಮತ್ಸುವಿಗೆ ಬಂದಿಳಿದಿದ್ದರು.

"ಈಡು ಅಂದ್ರೆ ಏನು ಶಾರದಕ್ಕ?"

"ಕೋವಿ ಹೊಡೆಯೋದು ಕಣೇ. ನಮ್ಮ ಕೊಡಗಲ್ಲಿ ಗಂಡು ಹುಟ್ಟಿದ್ರೆ ಒಂದು ಈಡು, ಸಾವಾದ್ರೆ ಎರಡು. ಇವರು ಹುಟ್ಟಿದಾಗ ಇವರಜ್ಜ ಅಂಗಳದಲ್ಲಿ ನಿಂತು ಹೊಡೆದಿದ್ರಂತೆ. ಮೂರು ಊರಿಗೆ ಕೇಳಿತ್ತಂತೆ."

ವಿರಾಜಪೇಟೆಯಿಂದ ಭಾವ ಬೆಳ್ಯಪ್ಪ ಬೆಳಗಿನಿಂದ ಎರಡು ಸಲ ಫೋನು ಮಾಡಿದ್ದರು. ಎರಡು ಸಲವೂ ಅದೇ ಮಾತು. ಮನೆಯಂಗಳದಲ್ಲಿ ತಾವು ಹೊಡೆಯುತ್ತೇವೆ, ಸರಿ. ಆದರೆ ದೇಹ ಇರುವ ಕಡೆ ಹೊಡೆಯದಿದ್ದರೆ ಅವನಿಗೆ ಕೇಳುವುದು ಹೇಗೆ? ಎಂಟು ವರ್ಷ ಇದ್ದ ಊರಿನಲ್ಲಿ ಒಂದು ಕೋವಿ ಹುಟ್ಟುವುದಿಲ್ಲವೇ?

ಆ ಮಾತು ಶಾರದಾಳ ಎದೆಯಲ್ಲಿ ಕೂತುಬಿಟ್ಟಿತ್ತು. ಗಂಡ ಪೂವಯ್ಯ ಬದುಕಿದ್ದೇ ಕಿವಿಯಿಂದ. ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಓಡುವ ಎಂಜಿನ್ನಿನ ಪಕ್ಕ ಕಣ್ಣು ಮುಚ್ಚಿ ನಿಂತು, ಒಳಗೆ ಯಾವ ಭಾಗ ಸಡಿಲವಾಗಿದೆ ಎಂದು ಹೇಳುವುದು ಅವನ ಕೆಲಸ. ಅದನ್ನು ಪತ್ತೆಹಚ್ಚುವ ಯಂತ್ರಗಳು ಬಂದ ಮೇಲೂ ಕಡೆಯ ಮಾತು ಅವನದೇ ಆಗಿತ್ತು. ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಹಾಗೇ ಕುಸಿದ. ಐವತ್ತೊಂದು ವಯಸ್ಸು. ಮಕ್ಕಳಿರಲಿಲ್ಲ.

ಒಂದು ಗಂಟೆಗೆ ಚಿತಾಗಾರದ ಗಾಡಿ ಬರುವುದಿತ್ತು. ಅಷ್ಟರೊಳಗೆ ಎರಡು ಈಡು ಆಗಬೇಕು. ಶಾರದಾಳಿಗೆ ಬೇರೇನೂ ಬೇಕಿರಲಿಲ್ಲ.

"ಪಕ್ಕದ್ಮನೆ ಸುಗಿಯಾಮಾ-ಸಾನ್ ಹತ್ರ ಬೇಟೆ ಕೋವಿ ಇದೆಯಲ್ಲ?" ಎಂದ ಹೃಷಿಕೇಶ ಬಾಗಿಲಿನಿಂದ.

ಗುಂಡಿ ಕಾಜಕ್ಕೆ ಕೂತಿತು. ಶಾರದಾ ತಿರುಗಿ ನೋಡಿದಳು.

*

ಕಳೆದ ತಿಂಗಳಷ್ಟೇ ಹೃಷಿಕೇಶ ಇದೇ ಕೋಣೆಯಲ್ಲಿ ಕೂತಿದ್ದ. ಇಸವಿ ಎರಡು ಸಾವಿರ ಬಂದು ಎರಡು ವಾರವಾಗಿತ್ತು. ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕೆಟ್ಟು ಲೋಕವೇ ನಿಂತುಹೋಗುತ್ತದೆಂದು ಆಫೀಸಿನಲ್ಲೇ ಹೊಸವರ್ಷ ಕಾದಿದ್ದ. ಏನೂ ಆಗಲಿಲ್ಲ. ಕಂಪನಿ ಅವನನ್ನು ಅಮೆರಿಕದ ಹ್ಯೂಸ್ಟನ್ನಿಗೆ ಕಳಿಸುವುದರಲ್ಲಿತ್ತು. ಅಲ್ಲಿನ ಸಹೋದ್ಯೋಗಿ ಈಮೇಲಿನಲ್ಲಿ ಬರೆದಿದ್ದ: ಮನೆ ಹುಡುಕು, ಕಾರು ಹುಡುಕು, ಒಂದು ಗನ್ನೂ ನೋಡಿಕೋ.

ಇಂಟರ್ನೆಟ್ಟಿನಿಂದ ಪ್ರಿಂಟು ತೆಗೆದ ಹಾಳೆಗಳನ್ನು ಹೃಷಿಕೇಶ ಚಾಪೆಯ ಮೇಲೆ ಹರಡಿದ. "ನೀವು ಕೊಡಗಿನವರು, ಹುಟ್ಟುತ್ತಲೇ ಕೋವಿ ನೋಡಿದೋರು. ಮನೆ ಕಾಯೋಕೆ ಇದ್ರಲ್ಲಿ ಯಾವ್ದು ಬೆಸ್ಟು, ಹೇಳಿ ಪೂವಯ್ಯಣ್ಣ."

ಪೂವಯ್ಯ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ನೋಡಿದ, ಹೆಣ್ಣು ಕೊಡುವ ಮನೆಯ ಜಾತಕ ನೋಡುವಷ್ಟು ನಿಧಾನವಾಗಿ. "ಈ ಪಿಸ್ತೂಲು ಚೆನ್ನಾಗಿದೆ. ಆದ್ರೆ ಅಲ್ಲಿ ಮನೆ ಗೋಡೆ ತೆಳು ಹಲಗೆಯದಂತೆ. ಗುರಿ ತಪ್ಪಿದ್ರೆ ಗುಂಡು ಮಗು ಮಲಗಿರೋ ಕೋಣೆಗೇ ಹೋಗುತ್ತೆ. ಜೋಡುನಳಿಗೆ ಕೋವಿ ವಾಸಿ ಅನ್ನಬಹುದು, ಆದ್ರೆ ಅದೂ ಗೋಡೆ ತೂರುತ್ತೆ. ಬೀಗ ಹಾಕಿಟ್ರೆ ಬೇಕಾದಾಗ ಸಿಗಲ್ಲ. ಹಾಕದೆ ಇಟ್ರೆ ಬೇಡದಾಗ ಸಿಗುತ್ತೆ."

"ಹಾಗಾದ್ರೆ ಯಾವ್ದೂ ಬೇಡ ಅಂತೀರಾ?"

"ನಾನೆಲ್ಲಿ ಹೇಳಿದೆ? ನಮ್ಮನೇಲಿ ಗೋಡೆ ಮೇಲೆ ನಾಲ್ಕಿದೆ. ಎಲ್ಲಿ, ಕಣ್ಣು ಮುಚ್ಚು."

ಹೃಷಿಕೇಶ ನಗುತ್ತ ಕಣ್ಣು ಮುಚ್ಚಿದ.

"ಕೈಯಲ್ಲಿ ಕೋವಿ ಇದೆ ಅಂದ್ಕೋ. ಹೊರಗೆ ಹೆಜ್ಜೆ ಸದ್ದು. ಯಾರು?"

ನಡುಮನೆಯ ಹಲಗೆ ಮೆಲ್ಲಗೆ ಕಿರುಗುಟ್ಟಿತು. ಒಂದು ಹೆಜ್ಜೆ. ನಿಂತಿತು. ಮತ್ತೆ ಎರಡು. ಹೃಷಿಕೇಶ ತೋರುಬೆರಳನ್ನು ಸದ್ದಿನ ಕಡೆ ನೀಡಿದ. "ಕಳ್ಳ," ಎಂದು ನಕ್ಕ. "ಢಮಾರ್!"

"ಕಣ್ಣು ಬಿಡು."

ಬೆರಳಿನ ನೇರಕ್ಕೆ ಎಂಟು ವರ್ಷದ ಜ್ಯೋತ್ಸ್ನಾ ಕಿತ್ತಲೆ ಸುಲಿಯುತ್ತ ನಿಂತಿದ್ದಳು. "ನಾನಿ?" ಎಂದಳು ಜಪಾನಿಯಲ್ಲಿ, ಏನು ಎಂಬಂತೆ.

ಹೃಷಿಕೇಶ ಕೈ ಇಳಿಸಿದ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಚಾಪೆಯ ಕೆಳಗೆ ತೂರಿಸಿದ.

"ನಿನ್ನ ಮನೆಯ ಹೆಜ್ಜೆಗಳನ್ನು ಮೊದಲು ಕಲಿ ಹೃಷಿ," ಎಂದ ಪೂವಯ್ಯ. ದನಿಯಲ್ಲಿ ಕುಹಕವಿರಲಿಲ್ಲ. "ಆಮೇಲೂ ಬೇಕು ಅನ್ನಿಸಿದ್ರೆ ನಾನೇ ಆರಿಸಿಕೊಡ್ತೀನಿ." ಹಾಳೆಗಳನ್ನು ಒಟ್ಟುಮಾಡಿ, ಅಂಚು ಸರಿಪಡಿಸಿ, ಅವನ ಕೈಗೇ ಕೊಟ್ಟ.

*

ಹನ್ನೊಂದಕ್ಕೆ ಉಮಾಶಂಕರ್ ಬಂದ. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದವನು, ಪೂವಯ್ಯನ ಮನೆಯಲ್ಲಿ ಭಾನುವಾರದ ಊಟ ಉಂಡವನು. ಈಡಿನ ಮಾತು ಕೇಳಿ ಗಾಬರಿಯಾದ.

"ರೀ, ಇದು ಜಪಾನು. ಬೀದೀಲಿ ಗುಂಡು ಹಾರಿಸಿದ್ರೆ ನಾಳೆ ಪೇಪರಲ್ಲಿ ನಾವೇ."

"ಬೀದೀಲಲ್ಲ ಮಾರಾಯ," ಎಂದ ಹೃಷಿಕೇಶ. "ಹಿಂದಿನ ಗುಡ್ಡದಲ್ಲಿ. ಹಂದಿ ಬೇಟೆ ಕಾಲ ಮುಗಿಯೋಕೆ ಇನ್ನೂ ಐದು ದಿನ ಇದೆ. ಕಿತ್ತಲೆ ತೋಟಕ್ಕೆ ಹಂದಿ ಬಂತು, ಎರಡು ಹೊಡೆದೆ, ತಪ್ಪಿತು ಅಂತ ಸುಗಿಯಾಮಾ-ಸಾನ್ ಹೇಳಿದ್ರಾಯ್ತು. ಯಾರಿಗೆ ಗೊತ್ತಾಗುತ್ತೆ?"

"ಅಲ್ಲೇ ಇರೋದು. ಕೋವಿ ಕೊಟ್ರೆ ಇಂಥ ಬುದ್ಧೀನೂ ಜೊತೇಲೇ ಬರುತ್ತೆ. ಇಲ್ಲಿ ಜನ ಚಿಲಕ ಹಾಕದೆ ಮಲಗ್ತಾರಲ್ಲ, ಯಾರ ಕೈಲೂ ಗನ್ ಇಲ್ಲ ಅಂತ."

"ಬೀದಿಗೊಂದು ಪೊಲೀಸ್ ಚೌಕಿ ಇದೆ ಅಂತ! ಕೊಡಗಲ್ಲಿ ಮನೆಮನೇಲೂ ಕೋವಿ, ಲೈಸೆನ್ಸೂ ಬೇಡ. ಅಲ್ಲೇನು ದಿನಾ ಹೆಣ ಬೀಳುತ್ತಾ? ಮನೆ ಕಾಯೋ ಹಕ್ಕು ಮನುಷ್ಯನಿಗೆ ಬೇಡ್ವಾ?"

"ನೀನು ಕೊಡಗಿಗೆ ಹೋಗ್ತಿಲ್ಲ, ಹ್ಯೂಸ್ಟನ್ನಿಗೆ ಹೋಗ್ತಿದ್ದೀಯ. ಅಲ್ಲಿ ಗನ್ ತಗೊಳ್ತೀಯೋ ಇಲ್ವೋ?"

ಹೃಷಿಕೇಶನ ಬೆನ್ನ ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ತಿರುಗದೆಯೇ, "ಜ್ಯೋತ್ಸ್ನಾ, ಕಾಲುಚೀಲ ಹಾಕ್ಕೋ, ತಣ್ಣಗಿದೆ," ಎಂದ.

"ಹಾಯ್," ಎಂದಿತು ಮಗು, ಹೂಂ ಎನ್ನುವ ಹಾಗೆ.

ವಸುಂಧರಾ ಗಂಡನ ಮುಖವನ್ನೇ ನೋಡಿದಳು.

*

ಹೋದ ಬೇಸಿಗೆಯಲ್ಲಿ ಒಬ್ಬ ಪೊಲೀಸು ಈ ಮನೆಗೆ ಬಂದಿದ್ದ. ಪಕ್ಕದ ಮನೆಯ ಸುಗಿಯಾಮಾನ ಕೋವಿ ಪರವಾನಗಿ ಮತ್ತೆ ಮೂರು ವರ್ಷಕ್ಕೆ ಮುಂದುವರಿಯಬೇಕಿತ್ತು. ಅಂಥವರ ಬಗ್ಗೆ ನೆರೆಯವರನ್ನೂ ವಿಚಾರಿಸುವುದು ಅಲ್ಲಿನ ಕ್ರಮ. ಕುಡಿಯುತ್ತಾರೆಯೇ? ಹೆಂಡತಿಯೊಡನೆ ಜಗಳವುಂಟೇ? ಸಿಟ್ಟಿನ ಸ್ವಭಾವವೇ?

ಶಾರದಾ ತಣ್ಣನೆಯ ಬಾರ್ಲಿ ಚಹಾ ತಂದಿಟ್ಟಳು. ಪೂವಯ್ಯ ಪಕ್ಕದ ಮನೆಯ ಗೋಡೆಯ ಕಡೆ ತಿರುಗಿ ಕಿವಿಗೊಟ್ಟ. ಪರದೇಶದವನಿಗೆ ಭಾಷೆ ತಿಳಿಯಲಿಲ್ಲವೆಂದು ಪೊಲೀಸು ಪ್ರಶ್ನೆಯನ್ನು ಮತ್ತೆ ನಿಧಾನವಾಗಿ ಕೇಳಿದ.

"ಎರಡು ಮನೆಗೂ ನಡುವೆ ಒಂದು ಮೊಳ ಜಾಗ," ಎಂದ ಪೂವಯ್ಯ ಕಡೆಗೆ. "ಅವರ ಮನೆಯ ಕೆಟಲ್ ಕುದಿಯುವುದು ನನಗೆ ಕೇಳುತ್ತದೆ. ಹೆಂಡತಿ ಬೈದದ್ದೂ ಕೇಳಿದೆ, ಮಗ ಮನೆ ಬಿಟ್ಟು ಹೋದ ದಿನದ ಅಳುವೂ ಕೇಳಿದೆ. ಆದರೆ ಆ ಮನುಷ್ಯ ಬಾಗಿಲನ್ನು ದಡಾರನೆ ಹಾಕಿದ್ದು ಒಂದು ದಿನವೂ ಕೇಳಿಲ್ಲ."

ಪೊಲೀಸು ಅದನ್ನು ಹಾಗೇ ಬರೆದುಕೊಂಡ. ಎದ್ದು ನಿಂತು, "ಮುಂದೆ ಏನಾದರೂ ತಪ್ಪಾದರೆ?" ಎಂದ ಅರ್ಧ ತಮಾಷೆಗೆ.

"ಆಗ ನನ್ನನ್ನೂ ಕರೆಯಿರಿ."

ಮರುದಿನ ಬಾಗಿಲಲ್ಲಿ ಒಂದು ಕಲ್ಲಂಗಡಿ ಹಣ್ಣಿತ್ತು. ಚೀಟಿಯಿರಲಿಲ್ಲ.

ಪ್ರತಿ ಚಳಿಗಾಲವೂ ಪೂವಯ್ಯ ಸುಗಿಯಾಮಾನ ಜೊತೆ ಬೇಟೆಗೆ ಗುಡ್ಡ ಹತ್ತುತ್ತಿದ್ದ, ಬುತ್ತಿಚೀಲ ಹೊತ್ತು, ಕೈ ಹಿಂದೆ ಕಟ್ಟಿಕೊಂಡು. ಒಬ್ಬರ ಕೋವಿಯನ್ನು ಇನ್ನೊಬ್ಬರು ಹಿಡಿಯಬಾರದೆಂಬುದು ಅಲ್ಲಿನ ಕಾನೂನು. ಒಮ್ಮೆ ಇಳಿಜಾರಿನಲ್ಲಿ ಸುಗಿಯಾಮಾ ಜಾರಿ, ಹಿಡಿದುಕೋ ಎಂದು ಕೋವಿಯನ್ನೇ ನೀಡಿದ. ಪೂವಯ್ಯ ಬಗ್ಗಿ ಅವನ ಮೊಣಕೈ ಹಿಡಿದು ಎತ್ತಿದ. ಹುಟ್ಟಿದ ಕೂಡಲೇ ಕೋವಿಯ ಸದ್ದು ಕೇಳಿದ್ದ ಮನುಷ್ಯ ಎಂಟು ವರ್ಷದಲ್ಲಿ ಒಮ್ಮೆಯೂ ಅದನ್ನು ಮುಟ್ಟಲಿಲ್ಲ. ಇದನ್ನು ಶಾರದಾಳಿಗೆ ಹೇಳಿದವನು ಸುಗಿಯಾಮಾನೇ.

*

ಹನ್ನೆರಡೂವರೆಗೆ ಸುಗಿಯಾಮಾ-ಸಾನ್ ಕಪ್ಪು ಸೂಟಿನಲ್ಲಿ ಬಂದ. ಎಪ್ಪತ್ತರ ಹತ್ತಿರದ ಗಟ್ಟಿ ಮುದುಕ. ತೋಟದ ಕಿತ್ತಲೆಗಳನ್ನು ಪೂವಯ್ಯನ ಪಕ್ಕದಲ್ಲಿಟ್ಟು, ಊದುಬತ್ತಿ ಹಚ್ಚಿ, ಕಣ್ಣು ಮುಚ್ಚಿ ಕೂತ. ಎದೆಯ ಮೇಲೆ ಜೋಡಿಸಿದ್ದ ಪೂವಯ್ಯನ ಕೈಗಳನ್ನು ನೋಡಿದ. ಗುಡ್ಡದಲ್ಲಿ ಸದಾ ಹಿಂದೆ ಕಟ್ಟಿರುತ್ತಿದ್ದ ಅವು ಮುಂದೆ ಇದ್ದದ್ದನ್ನು ಅವನು ಬಹುಶಃ ಹೆಚ್ಚು ಕಂಡವನಲ್ಲ.

ಶಾರದಾ ಎದುರಿಗೆ ಮಂಡಿಯೂರಿ ಕೂತಳು. ತನಗೆ ಬರುವ ಜಪಾನಿಯಲ್ಲಿ ಎಲ್ಲವನ್ನೂ ಹೇಳಿದಳು: ಹುಟ್ಟಿದಾಗ ಒಂದು, ಹೋಗುವಾಗ ಎರಡು. ಅಜ್ಜ, ಅಂಗಳ, ಮೂರು ಊರು. ಕೊನೆಗೆ ಕೇಳಿದಳು, "ಗುಡ್ಡದ ಮೇಲಿಂದ, ಎರಡೇ ಎರಡು. ಇವರಿಗೆ ಕೇಳಿದರೆ ಸಾಕು."

"ಹಂದಿ ಬಂತು ಅಂತ ಬರೆದುಬಿಡಿ," ಎಂದ ಹೃಷಿಕೇಶ ಮೆಲ್ಲಗೆ. ಪ್ರತಿಯೊಂದು ಗುಂಡೂ ಯಾವುದಕ್ಕೆ ಹಾರಿತೆಂದು ಪೊಲೀಸರಿಗೆ ಬರೆದು ಕೊಡಬೇಕೆಂಬುದು ಅವನಿಗೂ ಗೊತ್ತಿತ್ತು.

ಸುಗಿಯಾಮಾನ ಕಣ್ಣು ತುಂಬಿತ್ತು. ಇನ್ನು ಅವನು 'ಸ್ವಲ್ಪ ಕಷ್ಟ' ಎಂದು ತಲೆ ಓರೆ ಮಾಡುತ್ತಾನೆ, ಆಗ ಇನ್ನೊಮ್ಮೆ ಬೇಡಬಹುದು ಎಂದು ಶಾರದಾ ಕಾದಳು. ಆ ಊರಿನಲ್ಲಿ ಯಾರೂ ಮುಖಕ್ಕೆ ಮುಖ ಕೊಟ್ಟು ಇಲ್ಲವೆಂದದ್ದನ್ನು ಅವಳು ಎಂಟು ವರ್ಷದಲ್ಲಿ ಕೇಳಿರಲಿಲ್ಲ.

"ಹೊಡೆಯುವುದಿಲ್ಲ," ಎಂದ ಸುಗಿಯಾಮಾ. "ಇವರು ನನಗಾಗಿ ಆಡಿದ ಮಾತು ಇನ್ನೂ ಪೊಲೀಸರ ಕಡತದಲ್ಲಿದೆ. ಹೊಡೆಯುವುದಿಲ್ಲ."

ಹಣೆ ಚಾಪೆಗೆ ತಾಗುವಂತೆ ಬಾಗಿದ. ಒಮ್ಮೆ ಶಾರದಾಳಿಗೆ, ಒಮ್ಮೆ ಪೂವಯ್ಯನಿಗೆ. ಎದ್ದು, ಬೂಟು ಮೆಟ್ಟಿ, ಹೊರಗೆ ಹೋದ.

ಶಾರದಾ ಗಂಡನ ತಲೆಯ ಬಳಿ ಕೂತು ಕಿವಿಗೊಟ್ಟಳು. ಅದು ಹಳೆಯ ಮರದ ಬಾಗಿಲು, ಎಳೆದರೆ ನರಳುವಂಥದು. ಹೊರಗಿನ ಬಿಳಿ ಬೆಳಕು ನೆಲದ ಮೇಲೆ ಕಿರಿದಾಗುತ್ತ ಬಂದು, ಗೆರೆಯಾಗಿ, ಇಲ್ಲವಾಯಿತು. ಅವನು ಬಾಗಿಲು ಹಾಕಿದ ಸದ್ದು ಮಾತ್ರ ಯಾರಿಗೂ ಕೇಳಿಸಲಿಲ್ಲ.