ನೀರಿನ ಮಾತ್ರೆ

ಎಪ್ಪತ್ತು ದಾಟಿದ ಹೊಂಗನೂರಿನ ಚೆಲುವಯ್ಯನಿಗೆ ರೇಷ್ಮೆಹುಳದ ಮನೆಯೆಂದರೆ ದೇವರಮನೆಗಿಂತ ಒಂದು ಕೈ ಹೆಚ್ಚು. ಹುಳಕ್ಕೆ ಕಾಯಿಲೆ ತಗಲಿದರೆ ಬೆಳೆಯೇ ಹೋಯಿತಲ್ಲ! ಅದಕ್ಕೇ ಒಳಗೆ ಕಾಲಿಡುವವರು ಯಾರೇ ಆಗಲಿ, ಬಾಗಿಲಲ್ಲಿಟ್ಟ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈಕಾಲು ತೊಳೆದೇ ಬರಬೇಕು. ಹೊರಗೆ ಹೋಗಿ ಬಂದರೆ ಮತ್ತೆ ತೊಳೆಯಬೇಕು. ಮಗ ನಟರಾಜುವಿಗಂತೂ ತೊಳೆದರೂ ಪ್ರವೇಶವಿಲ್ಲ. ಬಿಡದಿಯ ಕಾರ್ಖಾನೆಗೆ ಸೇರಿದಂದಿನಿಂದ ಅವನ ಮೈಯಲ್ಲಿ ಮೆಷಿನ್ನಿನ ಎಣ್ಣೆ ವಾಸನೆ ಇದೆ, ಹುಳಕ್ಕೆ ಆಗದು ಎಂಬುದು ಅಪ್ಪನ ತೀರ್ಮಾನ. ಆ ವಾಸನೆ ಬರುತ್ತಿದ್ದುದು ಚೆಲುವಯ್ಯನ ಮೂಗಿಗೆ ಮಾತ್ರ.

ಆ ವರ್ಷ ಅವನ ಕಾಲು ಊದಿಕೊಂಡವು. ಸೊಪ್ಪಿನ ಹೊರೆ ಹೊತ್ತು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಚನ್ನಪಟ್ಟಣದ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ಬಿಡಿಸಿ ಹೇಳಿದರು. ವಯಸ್ಸಾದಂತೆ ಹೃದಯದ ಮಾಂಸ ಬಿಗಿಯಾಗುತ್ತದೆ, ಮೊದಲಿನಂತೆ ಹಿಗ್ಗಿ ರಕ್ತ ತುಂಬಿಕೊಳ್ಳುವುದಿಲ್ಲ, ಜೊತೆಗೆ ಬಿ.ಪಿ. ಬೇರೆ, ಹಾಗಾಗಿ ಮೈಯಲ್ಲಿ ನೀರು ನಿಂತು ಕಾಲಿಗೂ ಶ್ವಾಸಕೋಶಕ್ಕೂ ಇಳಿಯುತ್ತದೆ ಅಂದರು. ಹೃದಯವನ್ನು ಮತ್ತೆ ಎಳೆಯದು ಮಾಡುವ ಮದ್ದು ಕೊಡಿ ಅಂದ ಚೆಲುವಯ್ಯ. ಡಾಕ್ಟರಮ್ಮ ನಕ್ಕರು.

"ಅಂಥ ಮದ್ದಿಲ್ಲ ಯಜಮಾನ್ರೇ. ಅದರ ಹೊರೆ ಇಳಿಸಬಹುದು, ಅಷ್ಟೇ. ಉಪ್ಪು ಕಮ್ಮಿ ಮಾಡಿ. ಬಿ.ಪಿ. ಮಾತ್ರೆ, ಈ ನೀರಿನ ಮಾತ್ರೆ, ಎರಡನ್ನೂ ಬಿಡಬೇಡಿ."

ಉಪ್ಪು ಬಿಟ್ಟ. ಉಪ್ಸಾರಿಲ್ಲದೆ ಸಪ್ಪೆ ಸಾರಿನಲ್ಲಿ ಮುದ್ದೆ ನುಂಗುವುದು ಈ ಸೀಮೆಯವರಿಗೆ ಸಣ್ಣ ಶಿಕ್ಷೆಯಲ್ಲ. ಊತವೇನೋ ಇಳಿಯಿತು. ಆದರೆ ನೀರಿನ ಮಾತ್ರೆ ನುಂಗಿದ ಬೆಳಗೆಲ್ಲ ಮೂತ್ರಕ್ಕೆ ಓಡಾಟ. ಅದೂ ಹುಳ ಕೊನೆಯ ಪೊರೆ ಕಳಚಿ ಗಬಗಬನೆ ಸೊಪ್ಪು ತಿನ್ನುವ ವಾರ. ಸೊಪ್ಪು ಹಾಕುವುದು, ಹೊರಗೆ ಓಡುವುದು, ಬಂದು ಕೈಕಾಲು ತೊಳೆಯುವುದು, ಇಷ್ಟರಲ್ಲೇ ಬೆಳಗು ಮುಗಿಯುತ್ತಿತ್ತು. ಚೆಲುವಯ್ಯ ತನ್ನ ಬುದ್ಧಿ ಉಪಯೋಗಿಸಿದ. ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೆ ಆ ಒಂದು ಮಾತ್ರೆ ಬೇಡ. ಹೆಂಡತಿ ಮುನಿಯಮ್ಮ ಅಂಗೈಗೆ ಹಾಕಿದ್ದರಲ್ಲಿ ಬಿ.ಪಿ.ಯದನ್ನು ನುಂಗಿ, ನೀರಿನದನ್ನು ಟವೆಲ್ಲಿನ ತುದಿಗೆ ಗಂಟು ಹಾಕಿದ.

ಕಾಲು ಮತ್ತೆ ಊದಿದವು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ನಿದ್ದೆ ಮಾಡಿದ. ಮುನಿಯಮ್ಮ ಕೇಳಿದರೆ ಸೆಕೆ ಅಂದ. ಕಡೆಗೊಂದು ಬೆಳಿಗ್ಗೆ ಸೊಪ್ಪು ಹಾಕುತ್ತಲೇ ಕುಸಿದು ಕೂತು ಗಾಳಿಗಾಗಿ ಬಾಯಿ ತೆರೆದ. ಅವ್ವನ ಕೂಗಿಗೆ ನಟರಾಜು ಹಾಗೇ ಒಳಗೆ ನುಗ್ಗಿದ. ಆ ಏದುಸಿರಿನಲ್ಲೂ ಚೆಲುವಯ್ಯ ಮಗನ ತೊಳೆಯದ ಕಾಲಿನತ್ತ ಬೆರಳು ತೋರಿಸಿದ. ಮಗ ಎತ್ತಿಕೊಳ್ಳುವಾಗ ಟವೆಲ್ಲಿನ ಗಂಟು ಬಿಚ್ಚಿ ಮಾತ್ರೆಗಳು ಉದುರಿದವು. ಮುನಿಯಮ್ಮನಿಗೆ ಎಲ್ಲ ಅರ್ಥವಾಯಿತು. ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

"ಹಣ್ಣಾದ ಹುಳಾನೂ ಮೈನೀರ ಬುಟ್ಟೇ ಗೂಡು ಕಟ್ಟೋದು. ಇಷ್ಟ್ ವರ್ಸದಿಂದ ನೋಡ್ತಾ ಇದ್ದೀಯ. ನೀನೊಬ್ಬ ಒಳ್ಗೇ ಮಡೀಕಂಡು ಕುಂತ್ರೆ ಬದುಕೀಯಾ?"

ನಟರಾಜು ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಚನ್ನಪಟ್ಟಣಕ್ಕೆ ಹೊರಟ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಇಟ್ಟರು, ಇಂಜೆಕ್ಷನ್ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಸೇರಿಕೊಂಡಿದ್ದ ನೀರೆಲ್ಲ ಹೋಗಿ ಎದೆ ಹಗುರಾಯಿತು. ನಾಳೆಯೋ ನಾಡಿದ್ದೋ ಹುಳ ಹಣ್ಣಾಗುತ್ತವೆ. ಮುನಿಯಮ್ಮ ಗಂಡನನ್ನು ಬಿಟ್ಟು ಕದಲಲಾರಳು. ರಜೆ ಹಾಕಿ ತಾನೇ ನೋಡಿಕೊಳ್ಳುತ್ತೇನೆ ಎಂದು ನಟರಾಜು ಮಂಚದ ಪಕ್ಕ ನಿಂತ. ಚೆಲುವಯ್ಯನಿಗೆ ಹುಳ ಸತ್ತುಹೋದರೆ ಎಂಬ ಭಯವಿತ್ತು, ನಿಜ. ಯಾರಿಗೂ ಹೇಳದ ಭಯ ಇನ್ನೊಂದಿತ್ತು: ತಾನಿಲ್ಲದೆಯೂ ಅವು ಚೆನ್ನಾಗಿಯೇ ಗೂಡು ಕಟ್ಟಿಬಿಟ್ಟರೆ?

"ಕೈಕಾಲು ತೊಳ್ಕಂಡು ಒಳಕ್ಕೋಗು ಕಣ್ಲಾ," ಅಂದ ಕೊನೆಗೆ. "ಗೂಡು ಕಟ್ಟಕ್ಕೆ ಚಂದ್ರಿಕೆ ಮ್ಯಾಲೆ ಒತ್ತೊತ್ತಾಗಿ ಹುಳ ಬುಡ್ಬೇಡ. ಕೆಳೀಕೆ ಪೇಪರ್ ಹಾಸು, ನೀರ ಹೀರ್ಕಳ್ಳಿ."

ಊರಿಗೆ ಮರಳಿದಾಗ ಬಿದಿರಿನ ಚಂದ್ರಿಕೆಗಳು ಚಪ್ಪರದ ನೆರಳಿನಲ್ಲಿ ಒರಗಿದ್ದವು, ಮೈತುಂಬ ಗೂಡು. ಚೆಲುವಯ್ಯ ಒಂದನ್ನು ಬಿಡಿಸಿ ಬೆರಳಲ್ಲಿ ಒತ್ತಿ ನೋಡಿದ, ಕಿವಿಯ ಬಳಿ ಅಲ್ಲಾಡಿಸಿದ. ಗಟ್ಟಿಯಾಗಿತ್ತು. ತಪ್ಪು ಹುಡುಕಿದ, ಸಿಗಲಿಲ್ಲ. ಒಳಗೆಲ್ಲೋ ಚುಚ್ಚಿತು, ಮರುಕ್ಷಣ ಹಗುರವೂ ಆಯಿತು. ಮಗ ದೂರ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದ. ಚೆಲುವಯ್ಯ ಆ ಗೂಡನ್ನು ಮಗನ ಕೈಗಿಟ್ಟು, ಜಗಲಿಯ ಮೇಲೆ ಕೂತು, ನೀರಿನ ಮಾತ್ರೆ ಕೊಡು ಎಂದು ತಾನಾಗಿಯೇ ಹೆಂಡತಿಯ ಮುಂದೆ ಕೈ ಚಾಚಿದ.