ನೆರಳಿನ ಬದಿಯ ದಾರಿ

ಎಲೆಗಳು ಕಾಲಡಿ ಸರಿದಾಡುತ್ತಿವೆ, ತುಕ್ಕಿನ ಬಣ್ಣದವು, ಒಣಗಿದ ಹಾಗೇ ಕಾಣುತ್ತವೆ, ಆದರೆ ಬೂಟು ಊರಿದರೆ ಅಡಿಯಲ್ಲಿ ಏನೋ ಗಾಜಿನಂಥದ್ದು ಕರಕ್ ಎನ್ನುತ್ತದೆ, ಎಡಗಾಲು ತನ್ನ ಪಾಡಿಗೆ ತಾನು ಒಂದು ಗೇಣು ಮುಂದಕ್ಕೆ ಹೋಗಿಬಿಡುತ್ತದೆ — ಡ್ರೈವರ್ ಎರಡೂ ಕೈ ಅಗಲಿಸಿ ಮೈ ತೂಕ ಸರಿಮಾಡಿಕೊಂಡ. ನೆರಳಿರೋ ಕಡೆ ಎಲೆ ಕೆಳಗೆ ಮಂಜುಗಡ್ಡೆ ಕೂತಿರತ್ತೆ, ಹುಷಾರು, ಎಂದಿದ್ದ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಗೇಟಿನ ಗಾರ್ಡು, ಮಫ್ಲರಿನಿಂದ ಮೂಗಷ್ಟೇ ಹೊರಗಿಟ್ಟು, ಬಿಸಿಲಿನ ಬದಿ ಪರವಾಗಿಲ್ಲ, ಬೆಟ್ಟದ ಬೆನ್ನು ನೆರಳಿನ ಕಡೆ ತಿರುಗಿದ ಮೇಲೆ ನೋಡ್ಕೊಂಡು ಕಾಲಿಡಿ, ಅದಕ್ಕೆ ಇವನು ನಕ್ಕಿದ್ದ, ನಾನು ಬಸ್ಸು ಓಡಿಸೋನು ಸ್ವಾಮಿ, ಇದಕ್ಕಿಂತ ಕೆಟ್ಟ ತಿರುವು ದಿನಾ ನೋಡ್ತೀನಿ, ಹೌದು, ನೋಡುತ್ತಾನೆ, ಗಾಜಿನ ಹಿಂದೆ ಕೂತು, ಕಾಲಡಿ ಬ್ರೇಕು ಇಟ್ಟುಕೊಂಡು, ಇಲ್ಲಿ ಕಾಲಿಗೇ ಬ್ರೇಕಿಲ್ಲ, ದಾರಿಯೆಂದರೆ ಬಸ್ಸಿನೊಳಗೆ ಕಂಡಕ್ಟರ್ ಓಡಾಡುವಷ್ಟು ಅಗಲ, ಆ ಕಡೆ ಏನೂ ಇಲ್ಲ, ಈ ಕಡೆಯೂ ಏನೂ ಇಲ್ಲ, ಕೆಳಗೆಲ್ಲೋ ಬೋಳು ಮರಗಳ ತುದಿ, ನೋಡಬಾರದು, ನೋಡಿದ. ಅಲ್ಲೇ ನಿಂತುಬಿಟ್ಟ. ಮುಂದೆ ಹೆಂಡತಿ ಪೇಟೆ ಬೀದಿಯಲ್ಲಿ ಹೋಗುವವಳ ಹಾಗೆ ಹೋಗುತ್ತಿದ್ದಾಳೆ, ಆಸ್ಪತ್ರೆಯ ಲಾಂಡ್ರಿಯಲ್ಲಿ ಹಬೆ ಕುಡಿಯುತ್ತ ಯಾರ ಯಾರದೋ ಹಾಸಿಗೆಬಟ್ಟೆ ಮಡಚಿ ಮಡಚಿ ಸಾಕಾದವಳು, ಒಂದ್ಸಲ ತಣ್ಣಗೆ ಗಾಳಿ ಬೀಸೋ ಕಡೆ ನಿಂತ್ಕೋಬೇಕು ರೀ, ಊರವರನ್ನೆಲ್ಲ ಸುತ್ತಿಸ್ತೀರಿ, ನನಗೆ ಮಾತ್ರ ಡಿಪೋ ಗೋಡೆ ತೋರಿಸಿದ್ದೀರಿ, ಎಂದವಳು, ಈಗ ತಿರುಗಿ ನೋಡಿ, ಯಾಕ್ರೀ ನಿಂತ್ರಿ, ಮುಖ ಯಾಕೆ ಹಾಗಾಗಿದೆ, ಸರಿ, ಅಲ್ಲೇ ಕೂತಿರಿ, ಮುಂದೆ ದಾರಿ ಹೇಗಿದೆ ನೋಡಿ ಬರ್ತೀನಿ. ಬೇಡ ಅನ್ನಬೇಕಿತ್ತು. ಅವಳ ನೀಲಿ ಸ್ವೆಟರ್ ಬಂಡೆಯನ್ನು ಬಳಸಿ ಮರೆಯಾಯಿತು, ಅವನು ಕೂತ, ಕಲ್ಲಿನ ಚಳಿ ಪ್ಯಾಂಟಿನಿಂದ ಒಳಗಿಳಿಯುತ್ತಿದೆ, ಗಂಡಸು ಕೂತಿದ್ದಾನೆ, ಹೆಂಗಸು ದಾರಿ ನೋಡಲು ಹೋಗಿದ್ದಾಳೆ, ಡಿಪೋದಲ್ಲಿ ತಿಳಿದರೆ ತಿಂಗಳುಗಟ್ಟಲೆ ನಗುತ್ತಾರೆ, ನಗಲಿ, ಅವಳು ಬರಲಿ ಸಾಕು —

ಕಲ್ಲು ಉರುಳಿದ ಸದ್ದು. ಒಂದು, ಹಿಂದೆಯೇ ಹಲವು, ಆಮೇಲೆ ಎಲೆಗಳು ಸರ್ರೆಂದು ಜಾರಿದ ಸದ್ದು, ಆಮೇಲೆ ಏನೂ ಇಲ್ಲ. ಏ, ಎಲ್ಲಿದ್ದೀಯ. ಏ, ಮಾತಾಡೇ. ಊರಲ್ಲಿರೋ ಮಗಳಿಗೆ ಏನು ಹೇಳೋದು, ಅಮ್ಮ ಎಲ್ಲಪ್ಪ ಅಂದರೆ, ನಾನು ಹೆದರಿ ಕೂತಿದ್ದೆ ಕಣಮ್ಮ ಅನ್ನೋದೇ, ಏಳು, ಕಾಲು ಏಳುವುದಿಲ್ಲ, ಹಾಗಾದರೆ ಹೊಟ್ಟೆಯ ಮೇಲೆ, ಅಂಬೆಗಾಲು, ಹೇಗಾದರೂ ಸರಿ, ಅಂಗೈಯನ್ನು ಮಂಜುಗಡ್ಡೆ ಕೊಯ್ಯುತ್ತಿದೆ, ಬಂಡೆ, ಬಂಡೆಯ ತಿರುವು, ಅದರಾಚೆ ದಾರಿಯೇ ಇಲ್ಲ, ನೀರು ಇಳಿದು ಹೆಪ್ಪುಗಟ್ಟಿದ ಒಂದು ಬಿಳಿ ಹಾಸು, ಅದರ ಅಂಚಿನ ಕೆಳಗೆ, ಕೈ ಚಾಚಿದರೆ ಸಿಗುವಷ್ಟು ಕೆಳಗೆ, ಅವಳು. ಬೋರಲು. ಎರಡೂ ಕೈಯಲ್ಲಿ ಒಂದು ಕುರುಚಲು ಗಿಡದ ಬೇರು. ಉಸಿರು ಕಟ್ಟಿಹೋಗಿತ್ತು ರೀ, ಮಾತೇ ಬರಲಿಲ್ಲ, ಎಂದಳು ಮೆಲ್ಲಗೆ, ಪಕ್ಕದ ಮನೆಯವರು ಮಲಗಿದ್ದಾರೆ ಎಂಬಂತೆ, ಗಡಿಬಿಡಿ ಬೇಡ, ನೀವೂ ಜಾರಿದ್ರೆ ಇಬ್ಬರೂ ಹೋದಂತೆ. ಅವನು ಬೇರನ್ನು ನೋಡುತ್ತಿದ್ದಾನೆ. ಮಣ್ಣಿನ ಮೇಲಿದ್ದದ್ದು ಕಂದು, ಮಣ್ಣಿನಿಂದ ಈಗ ಹೊರಬರುತ್ತಿರುವುದು ಬಿಳಿ, ಹಸಿ, ಸುಲಿದ ಎಲುಬಿನ ಹಾಗೆ, ಇಷ್ಟು, ಇನ್ನಿಷ್ಟು, ಸದ್ದೇ ಇಲ್ಲದೆ. ಪಾದವನ್ನು ಬಂಡೆಯ ಬಿರುಕಿಗೆ ಸಿಕ್ಕಿಸಿದ, ಮೈಯೆಲ್ಲ ಚಾಚಿದ, ಅವಳ ಒಂದು ಮಣಿಕಟ್ಟು ಸಿಕ್ಕಿತು, ಈ ಕೈಲಿ ನನ್ನ ಹಿಡ್ಕೋ, ಹಿಡ್ಕೊಂಡಿದ್ದೀನಿ, ಬಿಡಬೇಡ, ಬಿಡಲ್ಲ, ಬೇರು ಬಿಡು, ಅದು ಹೇಗ್ರೀ ಬಿಡಲಿ, ಬಿಡು ಅಂದ್ನಲ್ಲ — ಬಿಟ್ಟಳು, ಎಳೆದ, ಭುಜದಲ್ಲಿ ಏನೋ ಹರಿದ ಹಾಗಾಯಿತು, ಸ್ವೆಟರ್, ಮೊಣಕೈ, ಅವಳ ತಲೆ ಅವನ ಎದೆಗೆ ಬಂದು ಗುದ್ದಿತು.

ಬಿಸಿಲಿನ ಬದಿಗೆ ಇಬ್ಬರೂ ತೆವಳಿಕೊಂಡೇ ಬಂದರು. ಈಗ ಬಂಡೆಗೆ ಒರಗಿ ಕೂತಿದ್ದಾರೆ, ಕಲ್ಲು ಬೆಚ್ಚಗಿದೆ, ಅವಳ ಮಂಡಿ ತರಚಿದೆ, ಅಷ್ಟೇ, ಬರೀ ಅಷ್ಟೇ, ಅವಳು ಮಾತಾಡುತ್ತಿದ್ದಾಳೆ, ಕೆಳಗಿಳಿದ ತಕ್ಷಣ ಗಾರ್ಡಿಗೆ ಹೇಳ್ಬೇಕು, ಆ ಬದಿ ಯಾರನ್ನೂ ಬಿಡಬಾರದು, ಕೇಳಿಸ್ತಾ, ಅಂತೂ ತಣ್ಣಗಿನ ಗಾಳಿ ಸಿಕ್ತು ಬಿಡಿ, ನಗುತ್ತಾಳೆ, ಆಮೇಲೆ ನಗುವುದಿಲ್ಲ, ಕೈ ಬಿಡಿ ರೀ, ನೋಯ್ತಿದೆ, ಬಂದಾಯ್ತಲ್ಲ, ನಾನು ಇಲ್ಲೇ ಇದ್ದೀನಲ್ಲ. ಇದ್ದಾಳೆ. ಗೊತ್ತು. ಬೆರಳುಗಳಿಗೆ ಗೊತ್ತಿಲ್ಲ, ಅವಳ ಮಣಿಕಟ್ಟಿನ ಸುತ್ತ ಅವು ಬಿಗಿಯುತ್ತಲೇ ಇವೆ, ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ, ಮಣ್ಣು ಬಾಯಿ ಬಿಡುತ್ತದೆ, ಬೇರು ಹೊರಬರುತ್ತದೆ, ಬಿಳಿ, ಇಷ್ಟು, ಇನ್ನಿಷ್ಟು, ಇನ್ನೂ